ಬಿಸಿಲಿಗೆ ಕಪ್ಪಾಗುವ ಕನ್ನಡಕ

ಪುಣೆಯ ಹಡಪಸರದಲ್ಲಿ ನಮ್ಮಪ್ಪನದೊಂದು ಮ್ಯಾಚಿಂಗ್ ಸೆಂಟರ್ ಇತ್ತು. ಹೆಸರು ದೊಡ್ಡದು, ಅಂಗಡಿ ಚಿಕ್ಕದು. ಅಲ್ಲಿ ಸೀರೆ ಸಿಗುತ್ತಿರಲಿಲ್ಲ. ಸೀರೆಗೆ ಒಪ್ಪುವ ರವಿಕೆ ಹೊಲಿಸುವ ಜಂಪರ್ ಪೀಸು, ಫಾಲು, ಲಂಗದ ಬಟ್ಟೆ ಸಿಗುತ್ತಿದ್ದವು. ಹೆಂಗಸರು ಸೀರೆಯನ್ನು ಕೈಚೀಲದಲ್ಲಿ ತಂದು ಗಾದಿಯ ಮೇಲೆ ಸುರಿಯುತ್ತಿದ್ದರು. ಅಪ್ಪ ಸೆರಗನ್ನು ಒಮ್ಮೆ ನೋಡಿ, ಕಪಾಟಿನಿಂದ ಬಟ್ಟೆಯ ಒಂದೇ ಒಂದು ಥಾನು ಎಳೆದು, ಎರಡನ್ನೂ ಹೊತ್ತುಕೊಂಡು ಹೊಸ್ತಿಲಿಗೆ ನಡೆಯುತ್ತಿದ್ದ. ಒಳಗೆ ಎಷ್ಟೇ ಒಪ್ಪಿದರೂ ಹೊರಗೆ ಬಿಸಿಲಿಗೆ ಹಿಡಿದು ನೋಡದೆ ಕತ್ತರಿ ಹಾಕುವವನೇ ಅಲ್ಲ.

"ಟ್ಯೂಬ್‌ಲೈಟ್ ಸುಳ್ಳ ಹೇಳ್ತದ್ರಿ, ಸೂರ್ಯಾ ಹೇಳಂಗಿಲ್ಲ" ಎನ್ನುವುದು ಅವನ ಮಂತ್ರ. ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಮರಾಠಿಯಲ್ಲಿ ಅದನ್ನು ದಿನವಿಡೀ ಜಪಿಸುತ್ತಿದ್ದ. ಗಿಳಿ ಹಸಿರು ಯಾವುದು, ಎಲೆ ಹಸಿರು ಯಾವುದು, ಮೆಹಂದಿ ಹಸಿರು ಯಾವುದು ಎಂದು ತಿಳಿಯದ ನನ್ನಂಥ ಮಗಳನ್ನು ಅಪ್ಪ ಅನ್ನ ಕಾಣದವರನ್ನು ನೋಡಿದಂತೆ ಮರುಕದಿಂದ ನೋಡುತ್ತಿದ್ದ. ನನಗೆ ಎಲ್ಲವೂ ಹಸಿರೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ಅಳತೆಯ ಟೇಪನ್ನು ದೂರ ದೂರ ಹಿಡಿದು ಓದತೊಡಗಿದ. ತೋಳು ಸಾಲದಾದಾಗ ಅವ್ವ ಅವನನ್ನು ಕನ್ನಡಕದ ಅಂಗಡಿಗೆ ಎಳೆದೊಯ್ದಳು. ನಾನೂ ಬೆನ್ನು ಹತ್ತಿದೆ. ಅಂಗಡಿಯವನು ಕಣ್ಣು ಪರೀಕ್ಷೆ ಮಾಡಿ, ಗಾಜಿನ ಜಾತಿಗಳನ್ನೆಲ್ಲ ಮುಂದೆ ಹರಡಿ, "ಕಾಕಾ, ಕಾಮ ಕಾಯ ಕರತಾ?" ಎಂದು ಕೇಳಿದ. ಕೆಲಸ ನೋಡಿ ಗಾಜು ಆರಿಸಬೇಕು ಎಂಬುದು ಅವನ ಲೆಕ್ಕ.

"ಬಿಸಿನೆಸ್" ಎಂದ ಅಪ್ಪ, ಎದೆ ಸೆಟೆಸಿ.

"ಜಂಪರ್ ಪೀಸ್ ಮಾರ್ತೀವಿ ಅಂತ ಹೇಳ್ರಲಾ" ಎಂದು ಅವ್ವ ಮೊಣಕೈಯಿಂದ ತಿವಿದಳು. ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. ಬಿಸಿನೆಸ್ ಎಂದರೆ ಬಿಸಿಲಲ್ಲಿ ತಿರುಗಾಡುವ ದೊಡ್ಡ ಮನುಷ್ಯರೇ ಇರಬೇಕು ಎಂದುಕೊಂಡ ಅಂಗಡಿಯವನು ಒಳಗಿನಿಂದ ವಿಶೇಷ ಗಾಜು ತಂದ. ನೆರಳಲ್ಲಿ ಬಿಳಿ, ಬಿಸಿಲಿಗೆ ಹೋದರೆ ತಾನೇ ಕಂದುಗಪ್ಪು. ಮೇಲೆ ಬೆಳಕು ಹೊಳೆಯದಂತೆ ಕೋಟಿಂಗು ಬೇರೆ. ಓರೆ ಮಾಡಿದರೆ ಕೋಟಿಂಗು ಹಸಿರಾಗಿ ಮಿಂಚಿತು. "ನವಿಲು ಹಸಿರು" ಎಂದು ಅಪ್ಪ ಕೂಡಲೇ ನಾಮಕರಣ ಮಾಡಿದ. ಅಲ್ಲಿಗೆ ವ್ಯಾಪಾರ ಕುದುರಿತು. ಒರೆಸಲು ಕೊಟ್ಟ ಅಂಗೈಯಗಲದ ಬಟ್ಟೆಯನ್ನೂ ಅಪ್ಪ ಬೆರಳಲ್ಲಿ ಉಜ್ಜಿ ನೋಡಿ, "ನೇಯ್ಗಿ ಛಲೋ ಅದ, ಅಂಚ ಹೊಲದಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟ.

ಹೊಸ ಕನ್ನಡಕದಲ್ಲಿ ಅಪ್ಪ ಹೊಸ್ತಿಲಿಗೆ ಬಂದು ನಿಂತರೆ ಸಿನಿಮಾದ ಖಳನಾಯಕ ಜಂಪರ್ ಪೀಸು ಹಿಡಿದು ನಿಂತಂತೆ ಕಾಣುತ್ತಿತ್ತು. ಅವನಿಗೂ ಅದು ಭಾಳ ಸೇರಿತ್ತು.

ಕೆಲವೇ ವಾರಗಳಲ್ಲಿ ರಗಳೆ ಶುರುವಾಯಿತು. ಒಬ್ಬ ಹೆಂಗಸು ಕಡುಗುಲಾಬಿ ರಾಣಿ ಬಣ್ಣದ ಸೀರೆಯ ಮೇಲೆ ಅಪ್ಪ ಕೊಟ್ಟ ಪೀಸನ್ನು ಬೀಸಿ ಒಗೆದು, "ಹೇ ಮ್ಯಾಚಿಂಗ್ ನಾಹೀ, ಭಾಂಡಣ ಆಹೇ" ಎಂದಳು. ನಿಜಕ್ಕೂ ಅದು ಮ್ಯಾಚಿಂಗ್ ಅಲ್ಲ, ಜಗಳವೇ. ಪೀಸು ಟೊಮ್ಯಾಟೊ ಕೆಂಪು. ಅಪ್ಪ ಎರಡನ್ನೂ ಬಿಸಿಲಿಗೆ ಒಯ್ದು ಹೊರಳಿಸಿ ನೋಡಿ, ಬರೋಬ್ಬರಿ ಇದೆಯಲ್ಲ ಎಂದ. ತನ್ನನ್ನು ಚೇಷ್ಟೆ ಮಾಡುತ್ತಿದ್ದಾನೆಂದು ಅವಳು ಬೀದಿಗೆಲ್ಲ ಕೇಳುವಂತೆ ಬೈದು ಹೋದಳು. ಆಮೇಲೆ ಬದನೆಕಾಯಿ ಬಣ್ಣಕ್ಕೆ ಇಟ್ಟಿಗೆ ಬಣ್ಣ, ನೀಲಿಗೆ ಮಸಿ ಬಣ್ಣ ಹೋದವು. ಹೋದವೆಲ್ಲ ವಾಪಸ್ ಬಂದವು. ಹೆಂಗಸರು ಬರುವುದು ಕಡಿಮೆಯಾಯಿತು.

ಅಪ್ಪ ಹೆದರಿದ. ಮನೆಯಲ್ಲಿ ಸಂಜೆ ಕುಳಿತು ತನಗೆ ತಾನೇ ಪರೀಕ್ಷೆ ಇಟ್ಟುಕೊಂಡ. "ಇದು ಗಜ್ಜರಿ ಬಣ್ಣ. ಇದು ಬದನಿಕಾಯಿ ಬಣ್ಣ. ಹೌದಲ್ಲೋ?"

"ಅದು ಬದನಿಕಾಯೇ ಅದರಿ. ಇತ್ಲಾಗ ಕೊಡ್ರಿ, ಹೆಚ್ಚತೀನಿ" ಎಂದಳು ಅವ್ವ.

ಮನೆಯಲ್ಲಿ ನೂರಕ್ಕೆ ನೂರು, ಅಂಗಡಿಯ ಹೊಸ್ತಿಲಲ್ಲಿ ಸೊನ್ನೆ. ಹಾಗಾದರೆ ದೋಷ ಹೊಸ್ತಿಲಿನದೇ ಎಂದು ಅಪ್ಪ ತೀರ್ಮಾನಿಸಿದ. ಎದುರಿನ ಅಂಗಡಿಯವರು ಮಾಟ ಮಾಡಿಸಿದ್ದಾರೆ! ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಹೊರಗೆ ನಿಂತು ನೋಡಿದರೆ ಅಪ್ಪನಿಗೆ ನಿಂಬೆ ಕಂದಿದಂತೆ ಕಾಣುತ್ತಿತ್ತು. ಮಾಟದ ಜೋರು ಎಷ್ಟಿದೆ ನೋಡಿ ಎಂದು ದಿನವೂ ಹೊಸದು ಕಟ್ಟಿದ. ಇಳಿಸಿದ ನಿಂಬೆಯನ್ನು ತಿನ್ನಬಾರದು ಎಂದು ಅಪ್ಪ ಹೇಳಿದರೂ ನಾನು ಗುಟ್ಟಾಗಿ ಶರಬತ್ತು ಮಾಡಿ ಕುಡಿದೆ. ಏನೂ ಆಗಲಿಲ್ಲ. ಹೊಸ ಕನ್ನಡಕದ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಅಷ್ಟು ತುಟ್ಟಿಯ ವಸ್ತು ಮೋಸ ಮಾಡುತ್ತದೆಯೇ?

ಒಂದು ದಿನ ಊಟಕ್ಕೆ ಕುಳಿತವನು ತಟ್ಟೆ ಸರಿಸಿ, "ಅಂಗಡಿ ಮುಚ್ಚಿ ಕುಲುಪ ಹಾಕಿಬಿಡತೀನಿ. ಕಣ್ಣ ಹೋದವಗ ಮ್ಯಾಚಿಂಗ್ ಯಾಕ?" ಎಂದ. ಅದುವರೆಗೆ ನಗುತ್ತಿದ್ದ ನಾನು ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದೆ. ಬಣ್ಣ ಬಿಟ್ಟರೆ ಅಪ್ಪನಿಗೆ ಬೇರೆ ಏನೂ ಗೊತ್ತಿರಲಿಲ್ಲ.

"ಕುಲುಪ ಹಾಕೂದಾದ್ರ ಮನಿದೇವರಿಗೆ ಒಂದ ಮಾತ ಹೇಳಿ ಹಾಕ್ರಿ" ಎಂದಳು ಅವ್ವ. ಭಾನುವಾರ ಮೂವರೂ ನಮ್ಮ ಮನೆದೇವರು ಮಲ್ಲಯ್ಯನ ಊರಾದ ಜೇಜುರಿಯ ಬಸ್ಸು ಹತ್ತಿದೆವು.

ಜೇಜುರಿಯಲ್ಲಿ ರಣರಣ ಬಿಸಿಲು. ಮೆಟ್ಟಿಲ ಬುಡದಲ್ಲಿ ಮಲ್ಲಯ್ಯನಿಗೆ ಎರಚುವ ಅರಿಶಿನದ ಭಂಡಾರ ಮಾರುತ್ತಿದ್ದವಳ ಜೊತೆ ಅಪ್ಪ ಜಗಳಕ್ಕೆ ನಿಂತ. ಇದು ಅರಿಶಿನವಲ್ಲ, ಕಾಫಿ ಪುಡಿ ಕಲಸಿದ್ದೀಯ ಎಂದು ಅವನ ವಾದ. ಅವಳು ಅಪ್ಪನ ಕರಿ ಕನ್ನಡಕ ನೋಡಿ, ಪಾಪ, ಕಣ್ಣು ಕಾಣದವನಿರಬೇಕು ಎಂದು ಒಂದು ಹಿಡಿ ಹೆಚ್ಚಿಗೆ ಹಾಕಿ ಕೈ ಮುಗಿದಳು. ಅಪ್ಪ ಇನ್ನಷ್ಟು ಕುಗ್ಗಿದ.

ಮೇಲೆ ಗುಡಿಯಂಗಳ ತಲುಪುವಷ್ಟರಲ್ಲಿ ಯಾರೋ ಬೊಗಸೆ ತುಂಬ ಎರಚಿದ ಭಂಡಾರ ನೇರವಾಗಿ ಅಪ್ಪನ ಮುಖಕ್ಕೆ ಬಿತ್ತು. ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಉಜ್ಜಲು ಹೊರಟ. "ಏ, ಕೋಟಿಂಗ್ ಹೋಗ್ತದರಿ!" ಎಂದು ಅವ್ವ ಅದನ್ನು ಕಸಿದುಕೊಂಡು ಬಾಟಲಿಯ ನೀರಲ್ಲಿ ತೊಳೆಯತೊಡಗಿದಳು. ಅಪ್ಪ ಬರಿಗಣ್ಣಲ್ಲಿ ತಲೆಯೆತ್ತಿದ.

ನೆಲ, ಕಲ್ಲು, ದೀಪಮಾಲೆಯ ಕಂಬ, ಜನರ ತಲೆ, ಎಲ್ಲವೂ ಹಳದಿ. ಅಪ್ಪ ಬಾಯಿ ತೆರೆದು ನಿಂತುಬಿಟ್ಟ. "ಎಷ್ಟ ಹಳದಿ ಅದ ಅಲ್ಲ! ಕಣ್ಣ ಬಂತು! ಮಲ್ಲಯ್ಯ ಕಣ್ಣ ಕೊಟ್ಟ!" ಎಂದು ಕೂಗಿದ. ಆ ಸಂಭ್ರಮದಲ್ಲೇ ಅವ್ವನ ಕಡೆ ತಿರುಗಿದವನ ಮುಖ ಹುಳ್ಳಗಾಯಿತು. ಅವ್ವ ಬದನೆಕಾಯಿ ಬಣ್ಣದ ಸೀರೆ ಉಟ್ಟಿದ್ದಳು. ಬೆಳಿಗ್ಗೆಯಿಂದ ಹೊದ್ದಿದ್ದ ಸೆರಗು ಜಾರಿ ಈಗ ಕಂಡ ಜಂಪರು ಇಟ್ಟಿಗೆ ಬಣ್ಣದ್ದು.

"ಏನಿದು ಅವತಾರ? ಈ ಸೀರಿಗೆ ಇಂಥಾ ಜಂಪರ್ ಯಾವ ಕುಡ್ಡ ಕೊಟ್ಟಾನ?"

"ನೀವ ಕೊಟ್ಟೀರಿ. ದಸರಾಕ್ಕ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಊರ ಮಂದಿ ಎಲ್ಲಾ ತಂದ ಒಗದ್ರು. ನಾನೂ ತಂದ ಒಗೀಲೇನು?" ಎಂದು ಅವ್ವ ತೊಳೆದ ಕನ್ನಡಕ ಅವನ ಕೈಗಿಟ್ಟಳು. ಬಿಸಿಲಿಗೆ ಗಾಜು ಕಪ್ಪಗೆ ಕುಳಿತಿತ್ತು. ಅಪ್ಪ ಅದನ್ನು ಹಾಕಿಕೊಂಡು ಅವಳನ್ನು ನೋಡಿದ. ತೆಗೆದು ನೋಡಿದ. ಮತ್ತೆ ಹಾಕಿಕೊಂಡ. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದು ನಗತೊಡಗಿದ. ನಗುತ್ತಲೇ ಕಣ್ಣೊರೆಸಿಕೊಂಡ.

ಮರುದಿನ ಕನ್ನಡಕದ ಅಂಗಡಿಗೆ ಹೋಗಿ, ಯಾರೂ ಕೇಳುವ ಮೊದಲೇ, ತಾನು ಜಂಪರ್ ಪೀಸು ಮಾರುತ್ತೇನೆಂದು ದೊಡ್ಡ ದನಿಯಲ್ಲಿ ಸಾರಿದ. ಎಲ್ಲಿ ನಿಂತರೂ ಬಿಳಿಯಾಗಿಯೇ ಇರುವ ಗಾಜು ಹಾಕಿಸಿಕೊಂಡು ಬಂದ. ಅವ್ವನಿಗೆ ಬಿಸಿಲಿಗೆ ಹಿಡಿದು ನೋಡಿ ಹೊಸ ಜಂಪರ್ ಪೀಸು ಕತ್ತರಿಸಿಕೊಟ್ಟ. ಆದರೆ ಜೇಜುರಿಗೆ ಹೊರಟಾಗಲೆಲ್ಲ ಅವ್ವ ಆ ಇಟ್ಟಿಗೆ ಬಣ್ಣದ್ದನ್ನೇ ತೊಡುತ್ತಿದ್ದಳು. ಅವತ್ತು ಅಪ್ಪನೂ ಕಪಾಟಿನಿಂದ ಹಳೆಯ ಕನ್ನಡಕ ತೆಗೆದು ಹಾಕಿಕೊಳ್ಳುತ್ತಿದ್ದ. ಗುಡಿಯಂಗಳದ ಬಿಸಿಲಲ್ಲಿ ಅವಳನ್ನು ನಿಲ್ಲಿಸಿ, ಗಾಜು ಕಪ್ಪಾಗುವವರೆಗೆ ಕಾದು, "ಈಗ ಬರೋಬ್ಬರಿ ಮ್ಯಾಚ್ ಆತು ನೋಡು" ಎನ್ನುತ್ತಿದ್ದ.