ಒಂದು ಹಲ್ಲಿನ ತಪ್ಪು

ಕಳೆದ ತಿಂಗಳು ಮಲಾಡ್ ಸ್ಟೇಷನ್ ರೋಡಿನಲ್ಲಿ ನನ್ನ ರಿಕ್ಷಾದ ಮುಂದಿದ್ದ ಹಳೆಯ ಟೆಂಪೊ ಒಂದು ಬಿಳಿ ಹೊಗೆ ಉಗುಳಿತು. ಸರಿಯಾಗಿ ಉರಿಯದ ಡೀಸೆಲ್ಲಿನ ಹಸಿ ವಾಸನೆ. ಗಂಟಲು ಕಟ್ಟಿತು, ಕಣ್ಣು ಉರಿಯಿತು. ರಿಕ್ಷಾದವನು ಹಿಂದಿಯಲ್ಲಿ ಬೈಯತೊಡಗಿದ. ನನಗೆ ಮಾತ್ರ ಮಿಸ್ತ್ರಿಯ ನೆನಪಾಯಿತು...

ಹತ್ತು ವರ್ಷದ ಹಿಂದೆ ಅವರು ಇದೇ ಮಲಾಡಿನಲ್ಲಿ, ನಮ್ಮ ಬಿಲ್ಡಿಂಗಿನ ಹಿಂದೆ, ಕೊಳಚೆ ನೀರಿನ ನಾಲಾದ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದರು. ವಿಜಯಪುರದ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಧಾರಾವಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತವರು. ಎಲ್ಲರಿಗೂ ಅವರು ಮಿಸ್ತ್ರಿ. ನಾವು ಉಡುಪಿಯ ಕಡೆಯವರು. ನಾನು ಅಮ್ಮನ ಜೊತೆ ಕನ್ನಡ ಮಾತಾಡುವುದನ್ನು ಕೇಳಿದ ದಿನವೇ ನನ್ನನ್ನು 'ಅಕ್ಕಾರ' ಎಂದು ಕರೆದರು. ನಮ್ಮ ಹಳೆಯ ಡೀಸೆಲ್ ಕಾರನ್ನು ಆಮೇಲೆ ಬೇರೆ ಯಾರೂ ಮುಟ್ಟಲಿಲ್ಲ.

ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಮಾಟುಂಗದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಲೋಕಲ್ ರೈಲು ಹತ್ತುವ ಶಕ್ತಿ ಅವರಿಗಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಮಲಗಿಸಿ ನಾನೇ ಕಾರು ಓಡಿಸುತ್ತಿದ್ದೆ. ಒಂದು ದಿನ ಮಿಸ್ತ್ರಿ ಬಾನೆಟ್ ತೆರೆದು ಟೈಮಿಂಗ್ ಬೆಲ್ಟ್ ಮುಟ್ಟಿ ನೋಡಿದರು. ವಾಲ್ವು, ಡೀಸೆಲ್ ಪಂಪು ಎಲ್ಲವನ್ನೂ ಒಂದೇ ತಾಳಕ್ಕೆ ತಿರುಗಿಸುವ ಹಲ್ಲಿನ ಪಟ್ಟಿ ಅದು. ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

"ಇದು ಹರದ್ರ ಎಂಜಿನ್ನ ಹೋಗತೈತ್ರಿ. ಅವ್ವಾರನ್ನ ಕೂಡಿಸಿಕೊಂಡು ಹೊಂಟಾಗ ನಡುದಾರ್ಯಾಗ ನಿಂತ್ರ ಏನ್ ಮಾಡ್ತೀರಿ?" ಎಂದರು.

ಭಾನುವಾರ ಹೊಸ ಬೆಲ್ಟ್ ಹಾಕಿದರು. ಸೋಮವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲೇ ಇಲ್ಲ. ಎಷ್ಟೋ ಹೊತ್ತು ಕೀಲಿ ತಿರುಗಿಸಿದ ಮೇಲೆ ನಡುಗುತ್ತ ಎದ್ದು, ಹಿಂದೆಲ್ಲ ಬಿಳಿ ಹೊಗೆ ತುಂಬಿತು. ಫ್ಲೈಓವರಿನ ಏರಿನಲ್ಲಿ ಎಳೆಯಲೇ ಇಲ್ಲ. ಹೇಗೋ ಹಿಂದಿರುಗಿಸಿ ತಂದು, ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದೆ. ಬರುವಾಗ ಅವರು ಕುಳಿತುಕೊಳ್ಳಲಾರದೆ ನನ್ನ ಮಡಿಲಲ್ಲೇ ವಾಂತಿ ಮಾಡಿಕೊಂಡರು.

ಮಿಸ್ತ್ರಿ ಒಂದೊಂದಾಗಿ ಹುಡುಕಿದರು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದೆಂದು ನಟ್ಟು ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಯಲ್ಲಿ ಪಂಪು ಒತ್ತಿದರು. ಫಿಲ್ಟರ್ ಬದಲಿಸಿದರು. ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ ಬ್ಯಾಟರಿಗೆ ಹಚ್ಚಿ ಕೆಂಪಗಾಗುತ್ತವೆಯೇ ಎಂದು ನೋಡಿದರು. ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡು, ತಾವೇ ಧಾರಾವಿಗೆ ಒಯ್ದು ತೋರಿಸಿಕೊಂಡು ಬಂದರು. ಎಲ್ಲವೂ ಸರಿಯಿತ್ತು. ಹೊಗೆ ಮಾತ್ರ ಹಾಗೇ ಇತ್ತು.

"ಬೆಲ್ಟ್?" ಎಂದು ನಾನು ಕೇಳಿದಾಗಲೆಲ್ಲ, "ಅದು ಸರಿ ಐತ್ರಿ ಅಕ್ಕಾರ. ಅದನ್ನ ನಾನ ಹಾಕೀನಿ" ಎನ್ನುತ್ತಿದ್ದರು.

ಬುಧವಾರ ಮತ್ತೆ ಟ್ಯಾಕ್ಸಿ. ಅಮ್ಮನನ್ನು ಮನೆಯಲ್ಲಿ ಮಲಗಿಸಿ ನೇರವಾಗಿ ಶೆಡ್ಡಿಗೆ ಹೋದೆ. "ಒಮ್ಮೆ ಬೆಲ್ಟಿನ ಕವರ್ ತೆಗೀರಿ ಮಿಸ್ತ್ರಿ" ಎಂದೆ. ಅವರು ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ಕವರ್ ತೆಗೆದು, ನಟ್ಟು ತಿರುಗಿಸುವ ಪಾನಾ ಹಾಕಿ ಎಂಜಿನ್ನನ್ನು ನಿಧಾನ ತಿರುಗಿಸಿದರು. ಮೂಗು ಚಕ್ರಕ್ಕೆ ತಾಗುವಷ್ಟು ಬಾಗಿ, ಉಗುರಿನಿಂದ ಹಲ್ಲುಗಳನ್ನು ತಡವಿದರು. ಕೊನೆಗೆ ಟಾರ್ಚನ್ನು ನನ್ನ ಕೈಗೆ ಕೊಟ್ಟರು.

"ನೀವ ನೋಡ್ರಿ. ಮೂರೂ ಗುರುತು ಕೂಡ್ಯಾವೇನು?"

ಎರಡು ಚಕ್ರದ ಗುರುತು ಎಂಜಿನ್ ಮೇಲಿನ ಗುರುತಿಗೆ ಸರಿಯಾಗಿ ಕೂಡಿದ್ದವು. ಪಂಪಿನ ಚಕ್ರದ್ದು ಕೂಡಿರಲಿಲ್ಲ.

"ಪಂಪಿನದ್ದು ಒಂದು ಹಲ್ಲು ಹಿಂದಿದೆ" ಎಂದೆ.

ಅವರು ಹಳೆಯ ಟಯರಿನ ಮೇಲೆ ಕುಳಿತರು. "ನನಗ ಕೂಡಿದಂಗ ಕಂಡಿತ್ರಿ" ಎಂದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ವರ್ಷವಾಗಿತ್ತಂತೆ. ಒಂದು ಕಣ್ಣಲ್ಲಿ ಮಂಜು, ಇನ್ನೊಂದರಲ್ಲಿ ತೇಲುವ ಕಪ್ಪು ಕಲೆ. ಅಷ್ಟು ದಿನವೂ ಶಬ್ದ ಕೇಳಿ, ಕೈಯಿಂದ ತಡವಿಯೇ ಕೆಲಸ ಮಾಡಿದ್ದರು. ಮಗಳಿಗೂ ಹೇಳಿರಲಿಲ್ಲ.

ನಾನು ಟಾರ್ಚ್ ಹಿಡಿದು ಹೇಳುತ್ತ ಹೋದೆ, ಅವರು ಬೆಲ್ಟ್ ಸಡಿಲಿಸಿ ಚಕ್ರ ಸರಿಸಿದರು. ಕೈಯಿಂದಲೇ ಎರಡು ಸುತ್ತು ತಿರುಗಿಸಿ ಮತ್ತೆ ನನ್ನಿಂದ ನೋಡಿಸಿದರು. ಮೊದಲ ಕೀಲಿಗೇ ಎಂಜಿನ್ ಎದ್ದಿತು. ಹೊಗೆ ಇರಲಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ.

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ. ಬ್ಯಾರೆ ಕೆಲಸ ನನಗ ಬರೂದಿಲ್ಲ."

ಹೇಳುವುದಿಲ್ಲ ಎಂದೆ. ಆ ಮಾತು ಒಂದು ತಿಂಗಳೂ ಉಳಿಯಲಿಲ್ಲ. ಮೂರನೇ ಮಹಡಿಯವರು ಲಿಫ್ಟಿನ ಹತ್ತಿರ ಸಿಕ್ಕಿ, ಕಾರಿನ ಬ್ರೇಕ್ ಕೆಲಸವನ್ನು ಮಿಸ್ತ್ರಿಗೆ ಕೊಡುತ್ತಿರುವುದಾಗಿಯೂ, ಮರುದಿನ ಮಕ್ಕಳನ್ನು ಕರೆದುಕೊಂಡು ಘಾಟಿ ಇಳಿಯಬೇಕೆಂದೂ ಹೇಳಿದರು. ಬ್ರೇಕ್, ಘಾಟಿ, ಎರಡು ಮಕ್ಕಳು... ನಾನು ಹೇಳಿಬಿಟ್ಟೆ. ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ಸಂಜೆಯೊಳಗೆ ಅದು ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿತ್ತು. ನನ್ನ ಹೆಸರಿರಲಿಲ್ಲ. ಸದ್ಯ ಎಂದುಕೊಂಡೆ. ಆ ಸಮಾಧಾನ ಈಗ ನೆನೆದರೆ ನಾಚಿಕೆಯಾಗುತ್ತದೆ.

ಶೆಡ್ಡಿಗೆ ಗಾಡಿ ಬರುವುದು ನಿಂತಿತು. ಆಯಿಲ್ ಬದಲಿಸುವ ಸಮಯ ಬಂದಾಗ ನಾನೂ ಹೈವೇ ಬದಿಯ ಬೇರೆ ಗ್ಯಾರೇಜಿಗೆ ಹೋದೆ. ಕಾರಿನಲ್ಲಿ ಕೂರುವವರು ಅಮ್ಮ, ನಾನೇನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಶೆಡ್ಡಿನ ಮುಂದಿನಿಂದಲೇ ಹಾದುಹೋಗಬೇಕಿತ್ತು. ಮಿಸ್ತ್ರಿ ಹೊರಗೆ ಸ್ಟೂಲಿನ ಮೇಲೆ ಕುಳಿತಿದ್ದರು. ಎಂಜಿನ್ನಿನ ಶಬ್ದಕ್ಕೆ ತಲೆ ಎತ್ತಿ ಕೈ ಬೀಸಿದರು. ನಾನು ನಿಲ್ಲಿಸಲಿಲ್ಲ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿತ್ತು. ಧಾರಾವಿಯಲ್ಲಿದ್ದ ಮಗಳ ಮನೆಗೆ ಹೋದರೆಂದು ವಾಚ್‌ಮನ್ ಹೇಳಿದ.

ಅಮ್ಮ ತೀರಿಕೊಂಡ ಮರುವರ್ಷ ಮಾಟುಂಗದ ದೇವಸ್ಥಾನದಲ್ಲಿ ಅವರು ಸಿಕ್ಕರು. ಕಪ್ಪು ಕನ್ನಡಕ ಹಾಕಿ, ಮಗಳ ತೋಳು ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. "ಮಿಸ್ತ್ರಿ" ಎಂದೆ. ಮುಖ ಅರಳಿತು.

"ಅಕ್ಕಾರ! ಅವ್ವಾರು ಹ್ಯಾಂಗದಾರ್ರಿ?"

ಹೋದರೆಂದು ಹೇಳಿದೆ. ಅವರು ತಡವಿ ನನ್ನ ಕೈ ಹಿಡಿದರು. "ಆ ಮೂರು ದಿನ ನನ್ನಿಂದ ಅವರಿಗೆ ತ್ರಾಸ ಆತ್ರಿ. ಮನಸಿನ್ಯಾಗ ಅದ ಕುಂತೈತಿ. ತಪ್ಪಾತ್ರಿ" ಎಂದರು.

ನನ್ನ ತಪ್ಪು ಹೇಳಿಕೊಳ್ಳಲು ಇದ್ದ ಸಮಯ ಅದೊಂದೇ. "ಬಿಡಿ ಮಿಸ್ತ್ರಿ" ಎಂದೆ, ಕ್ಷಮಿಸುವವಳ ಹಾಗೆ. ಮಗಳ ನಂಬರ್ ಬರೆದುಕೊಂಡು ಮನೆಗೆ ಬಂದೆ.

ಆ ನಂಬರಿಗೆ ಫೋನ್ ಮಾಡಿದ್ದು ಮೊನ್ನೆ. ಎರಡು ವರ್ಷದ ಹಿಂದೆಯೇ ಅಪ್ಪ ಹೋದರು ಎಂದಳು ಮಗಳು. ನಾನು ಯಾರೆಂದು ಹೇಳಿದ ಕೂಡಲೇ ಅವಳ ದನಿ ಬದಲಾಯಿತು. ಹಿಂದಿಯ ನಡುವೆ ಕನ್ನಡ ಹುಡುಕಿ ಹುಡುಕಿ ಮಾತಾಡಿದಳು.

"ಅಪ್ಪ ಹಮೇಶಾ ಹೇಳ್ತಿದ್ರು ಆಂಟಿ. ಯಾರೋ ನೋಡಿ ಕಣ್ಣಿನ ಬಾತ್ ಎಲ್ಲರಿಗೂ ಹೇಳಿದ್ರು, ಲೇಕಿನ್ ಮಲಾಡ್‌ವಾಲೇ ಅಕ್ಕಾರು ಯಾರಿಗೂ ಹೇಳಲಿಲ್ಲ ಅಂತ."

ಒಮ್ಮೆ ಮನೆಗೆ ಬನ್ನಿ ಎಂದಳು. ಬರುತ್ತೇನೆ ಎಂದೆ...

ಇನ್ನೂ ಹೋಗಿಲ್ಲ.