ಬೀಗದ ಕಪಾಟಿನಲ್ಲಿದ್ದ ಚೆಂಡು

"ಈ ವಯಸ್ಸಿನಲ್ಲಿ ಮಕ್ಕಳ ಹಾಗೆ ಚೆಂಡಾಡಲು ಹೋದರು, ಬಿದ್ದು ಸೊಂಟದ ಎಲುಬು ಮುರಿದುಕೊಂಡರು." ನಮ್ಮ ವಸತಿ ಸೊಸೈಟಿಯ ಲಿಫ್ಟಿನಲ್ಲಿ, ಹಾಲಿನ ಅಂಗಡಿಯ ಮುಂದೆ, ಠಾಕುರ್ಲಿ ಸ್ಟೇಷನ್ನಿನ ಹೊರಗೆ ತರಕಾರಿ ಕೊಳ್ಳುವಾಗ ಈ ಮಾತನ್ನು ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಕೇಳಿದ್ದೇನೆ. ಮೂರು ಭಾಷೆಗಳಲ್ಲಿಯೂ ಅದು ಸುಳ್ಳು. ಹೇಳುವವರಲ್ಲಿ ಒಬ್ಬರೂ ಅವರು ಬಿದ್ದದ್ದನ್ನು ಕಂಡಿಲ್ಲ.

ಬಿದ್ದವರು ನನ್ನ ಗೆಳೆಯರು, ಕೆಳಗಿನ ಮಹಡಿಯ ನೆರೆಯವರು. ಉಡುಪಿ ಕಡೆಯಿಂದ ಬಂದು ಕಲ್ಯಾಣದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಜೀವಮಾನವೆಲ್ಲ ನಿಂತವರು. ನಾನು ವಿಜಯಪುರದ ಕಡೆಯವನು. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿದವನು. ನಾನು ಓದಿದ್ದು ಏಳನೆಯ ತರಗತಿ; ಉಳಿದುದನ್ನು ಗ್ರಂಥಾಲಯದ ಬೆಂಚಿನ ಮೇಲೆ ಕಲಿತೆ. ಇನ್ನೊಬ್ಬರು ಅಳೆದು ಹೇಳಿದ ಅಳತೆಯನ್ನು ನಾನೇ ಮತ್ತೊಮ್ಮೆ ಅಳೆಯದೆ ಎಂದೂ ಕಬ್ಬಿಣಕ್ಕೆ ಉಳಿ ತಾಗಿಸಿದವನಲ್ಲ. ಈ ಪ್ರಕರಣದಲ್ಲಿ ಮಾತ್ರ ಹದಿನೈದು ದಿನ ಅಳೆಯದೆ ನಂಬಿದೆ. ನನ್ನ ಸಿಟ್ಟಿನ ಒಂದು ಪಾಲು ನನಗೇ ಸಲ್ಲಬೇಕು.

ಚೆಂಡಾಟವನ್ನು ನಮಗೆ ಕಲಿಸಿದವರು ಫಿಸಿಯೋಥೆರಪಿಯ ಒಬ್ಬ ಹೆಣ್ಣುಮಗಳು. ಮುಪ್ಪಿನಲ್ಲಿ ಕಾಲು ಸೊರಗುವುದಷ್ಟೇ ಅಲ್ಲ, ಎಡವಿದಾಗ ಮೈಯನ್ನು ಹಿಡಿದು ನಿಲ್ಲಿಸುವ ಚುರುಕೂ ಸೊರಗುತ್ತದೆ; ಬರುವ ಚೆಂಡನ್ನು ನೋಡಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸಿ, ಕೈ ಚಾಚಿ ಹಿಡಿಯುವುದು ಆ ಚುರುಕಿಗೆ ಕೊಡುವ ಕೆಲಸ ಎಂದು ಆಕೆ ಹೇಳಿದ್ದರು. ಅದನ್ನೂ ನಾನು ಕೇಳಿದೊಡನೆ ನಂಬಲಿಲ್ಲ. ಆದರೆ ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಗೋಡೆ ಹಿಡಿಯದೆ, ನಿಂತುಕೊಂಡೇ ಪ್ಯಾಂಟು ಹಾಕಿಕೊಂಡೆ. ಮೆಟ್ಟಿಲಿನ ಸರಳಿಗೆ ಎರಡೂ ಕೈ ಕೊಡುತ್ತಿದ್ದ ನನ್ನ ಗೆಳೆಯರು ಒಂದು ಕೈಯಲ್ಲಿ ಹಾಲಿನ ಚೀಲ ಹಿಡಿದು ಇಳಿಯತೊಡಗಿದರು.

ನಾವು ಒಂಬತ್ತು ಜನ, ಗೇಟಿನ ಪಕ್ಕದ ಖಾಲಿ ಜಾಗದಲ್ಲಿ ವರ್ತುಲವಾಗಿ ನಿಲ್ಲುತ್ತಿದ್ದೆವು. ಮೆತ್ತನೆಯ ರಬ್ಬರ್ ಚೆಂಡು. ಹಿಡಿದವರು ಲೋಕಲ್ ಗಾಡಿಯ ಮುಂದಿನ ಸ್ಟೇಷನ್ನಿನ ಹೆಸರು ಹೇಳಿ ಎಸೆಯಬೇಕು: ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ. ತಪ್ಪಿದರೆ ಗಾಡಿ ಠಾಣೆಗೆ ವಾಪಸ್ಸು.

"ಏನ್ರೀ, ಮತ್ತ ಮುಂಬ್ರಾದಾಗ ಕೆಡವಿದ್ರಿ?" ಎಂದು ನಾನು ಕೆಣಕಿದರೆ ಗೆಳೆಯರು, "ನಿಮ್ಮದು ಫಾಸ್ಟ್ ಲೋಕಲ್ ಮಾರಾಯ್ರೆ, ನಮ್ಮ ಸ್ಟೇಷನ್‌ನಲ್ಲಿ ನಿಲ್ಲುದೇ ಇಲ್ಲ" ಎನ್ನುತ್ತಿದ್ದರು.

ಚೌತಿಗೆ ಹತ್ತು ದಿನ ಮುಂಚೆ ನಾನು ವಾಶಿಯ ಮಗಳ ಮನೆಗೆ ಹೊರಟೆ. ಚೆಂಡನ್ನು ಗೆಳೆಯರ ಕೈಗಿತ್ತು, "ಅಭ್ಯಾಸ ಬಿಡಬ್ಯಾಡ್ರಿ" ಎಂದು ಹೇಳಿ ಹೋದೆ. ವಿಸರ್ಜನೆ ಮುಗಿದು ಮರಳುವ ಹೊತ್ತಿಗೆ ಅವರಿಗೆ ಶಸ್ತ್ರಕ್ರಿಯೆಯಾಗಿತ್ತು. ನೋಟಿಸ್ ಬೋರ್ಡಿನಲ್ಲಿ ಹೊಸ ಕಾಗದ: ಸುರಕ್ಷತೆಯ ದೃಷ್ಟಿಯಿಂದ ಹಿರಿಯ ನಾಗರಿಕರು ಆವರಣದಲ್ಲಿ ಚೆಂಡಾಡುವುದನ್ನು ನಿಷೇಧಿಸಲಾಗಿದೆ. ನನ್ನ ಒಂದು ಮಾತು ಒಬ್ಬರ ಸೊಂಟ ಮುರಿಯಿತೆಂದು ನಾನು ಊಟ ಬಿಟ್ಟೆ.

ನೋಡಲು ಹೋದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ವಾಕರ್ ಹಿಡಿದು ದಿನಕ್ಕೆ ಮೂರು ಸಲವಾದರೂ ನಿಲ್ಲಬೇಕೆಂದು ಡಾಕ್ಟರು ಹೇಳಿದ್ದರಂತೆ. ಅವರು ನಿಲ್ಲುತ್ತಿರಲಿಲ್ಲ. ಹೊದಿಕೆಯ ಕೆಳಗೆ ಕಂಡ ತೊಡೆ ಸೊರಗಿ ನನ್ನ ತೋಳಿನಂತಾಗಿತ್ತು. ಹೀಗೆಯೇ ಮಲಗಿದ್ದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಎಂಬುದು ಅವರ ಹೆಂಡತಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಬಾಲ್‌ನ ಸುದ್ದಿ ತೆಗೀಬೇಡಿ," ಎಂದರು. "ಈ ಕಾಲನ್ನು ನಂಬುದು ಬೇಡ ಇನ್ನು."

ನಮ್ಮ ಸೊಸೈಟಿಯಲ್ಲಿ ಹಳೆಯ ನೋಟಿಸನ್ನು ಯಾರೂ ಕೀಳುವುದಿಲ್ಲ. ಅದರ ಮೇಲೆಯೇ ಹೊಸದನ್ನು ಚುಚ್ಚುತ್ತಾರೆ. ಒಂದು ದಿನ ಲಿಫ್ಟಿಗೆ ಕಾಯುತ್ತ ಆ ನಿಷೇಧದ ಕಾಗದವನ್ನು ಎತ್ತಿ ನೋಡಿದೆ. ಕೆಳಗೆ ಮರಾಠಿಯಲ್ಲಿ ಬರೆದ ಇನ್ನೊಂದು ನೋಟಿಸ್ ಇತ್ತು, ಚೌತಿಗಿಂತ ವಾರ ಮೊದಲಿನದು. ಗಣಪತಿಯ ಮಂಟಪಕ್ಕಾಗಿ ಗೇಟಿನ ಪಕ್ಕದ ಜಾಗವನ್ನು ಶನಿವಾರದಿಂದ ಮುಚ್ಚಲಾಗಿದೆ. ಹಿರಿಯ ನಾಗರಿಕರ ಚೆಂಡನ್ನು ಸೊಸೈಟಿಯ ಕಚೇರಿಯಲ್ಲಿ ಜಮೆ ಮಾಡಿಸಿಕೊಳ್ಳಲಾಗಿದೆ. ವಿಸರ್ಜನೆಯ ಬಳಿಕ ಪಡೆಯತಕ್ಕದ್ದು. ಕೆಳಗೆ ಸೆಕ್ರೆಟರಿಯ ಸಹಿ, ಗುಂಡನೆಯ ಮೊಹರು.

ನನ್ನ ಗೆಳೆಯರು ಬಿದ್ದದ್ದು ಚೌತಿಯ ಮೂರನೆಯ ದಿನ. ಅಂದು ಚೆಂಡು ಬೀಗದೊಳಗಿತ್ತು. ಹಬ್ಬದ ಗದ್ದಲದಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ.

ಸೆಕ್ರೆಟರಿ ನಲವತ್ತು ದಾಟಿದವನು; ಕನ್ನಡಿಗರ ಮಗನೇ. ನಾವು ಹೇಳಿದ್ದು ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಚೆಂಡು ಎಲ್ಲದೋ?" ಎಂದು ಕಚೇರಿಗೆ ಹೋಗಿ ಕೇಳಿದೆ.

"ಕೌನ್ ಸಾ ಬಾಲ್, ಅಂಕಲ್?"

"ನೀನ ಸಹಿ ಮಾಡಿ ಇಸಗೊಂಡಿದ್ದು."

ಕಪಾಟು ತೆರೆದ. ಮಂಟಪದ ದೀಪದ ಸರಗಳ ಹಿಂದೆ ಚೆಂಡು ಅರ್ಧ ಗಾಳಿ ಇಳಿದು ಕುಳಿತಿತ್ತು. ಅದನ್ನು ನೋಡಿಯೂ ಅವನು, "ಜಾನೇ ದೋ ನಾ, ಆಪ್ ಕೀ ಸೇಫ್ಟೀ ಕೇ ಲಿಯೇ ಹೀ ಹೈ" ಎಂದ. ಹೋಗಲಿ ಬಿಡಬೇಕಂತೆ, ನಮ್ಮ ಸುರಕ್ಷತೆಗಾಗಿಯೇ ಅಂತೆ. ಇವರ ಬಾಯಲ್ಲಿ ಈ ಮಾತಿನ ಅರ್ಥ ಒಂದೇ: ಮುದುಕರು ಕುಳಿತಲ್ಲೇ ಕುಳಿತಿರಲಿ, ಅವರು ಕುಳಿತಲ್ಲೇ ಕ್ಷಯಿಸಿದರೆ ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಚೆಂಡನ್ನು ಬಗಲಲ್ಲಿಟ್ಟುಕೊಂಡು ಗೆಳೆಯರ ಮನೆಗೆ ಹೋದೆ. "ಇದು ಕಚೇರಿಯೊಳಗಿತ್ತು. ನೀವು ಏನ ಆಡಿದ್ರಿ?" ಎಂದೆ.

 ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹೇಳಿದರು: "ಇವರು ಬಿದ್ದದ್ದು ಗಣಪತಿ ಎದುರು, ಅಣ್ಣ."

ದೇವರನ್ನೂ ದೀಪವನ್ನೂ ಒಂಟಿಯಾಗಿ ಬಿಡಬಾರದೆಂದು ಹಗಲಿಡೀ ಮನೆಗೊಂದು ಪಾಳಿಯಂತೆ ಮಂಟಪದಲ್ಲಿ ಕುಳಿತುಕೊಳ್ಳುವುದು ನಮ್ಮಲ್ಲಿಯ ಪದ್ಧತಿ. ಆ ಮಧ್ಯಾಹ್ನದ ಪಾಳಿ ಇವರದು. ಹಲಗೆಯ ವೇದಿಕೆಯ ಅಂಚನ್ನು ಮುಚ್ಚಿ ಕಾರ್ಪೆಟ್ ಹಾಸಿದ್ದರು. ಅಂಚು ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ದೀಪಕ್ಕೆ ಎಣ್ಣೆ ಹಾಕಿ ಹಿಂದಕ್ಕೆ ಹೆಜ್ಜೆಯಿಟ್ಟರು, ಕಾಲಿನ ಕೆಳಗೆ ಹಲಗೆ ಇರಲಿಲ್ಲ.

"ಆಸ್ಪತ್ರೆಯಲ್ಲಿ ಕೇಳಿದಾಗ ಇವರೇ ಬಾಲ್ ಅಂತ ಹೇಳಿದ್ರು."

"ದೇವರ ಎದುರು ಬಿದ್ದೆ ಅಂದ್ರೆ ಜನ ಎಂತ ಹೇಳ್ತಾರೆ?" ಗೆಳೆಯರು ಗೋಡೆಗೇ ಹೇಳಿದರು. "ಇಡೀ ಸೊಸೈಟಿಗೆ ಅಪಶಕುನ ಅಂತಾರೆ. ಬಾಲ್ ಏನು ಬೇಜಾರು ಮಾಡಿಕೊಳ್ತದಾ?"

ಅಷ್ಟು ಸಿಟ್ಟು ನನಗೆ ಕಾರ್ಖಾನೆಯ ಮುಷ್ಕರದಲ್ಲಿಯೂ ಬಂದಿರಲಿಲ್ಲ. "ಚೆಂಡಿಗೆ ಆಗೂದಿಲ್ರಿ. ಏಳು ಮಂದಿ ಆಟ ಬಿಟ್ಟು ಕುರ್ಚಿ ಹಿಡದು ಕುಂತಾರ, ಅವರಿಗೆ ಆಗೇದ. ಮೊದಲ ಸುಳ್ಳು ಹೇಳಿದ್ರಿ, ಈಗ ನೀವ ಅದನ್ನ ನಂಬಾಕ ಹತ್ತೀರಿ. ಹಲಗಿ ಅಂಚ ಕಾಣಲಿಲ್ಲ ಅಂತ ಕಾಲಿಗೆ ಯಾಕ ಶಿಕ್ಷಾ?" ಎಂದು ಚೆಂಡನ್ನು ಅವರತ್ತ ಎಸೆದೆ. ಬೆನ್ನಿಗೆ ತಾಗಿ ಮಂಚದ ಕೆಳಗೆ ಉರುಳಿತು. ಅವರ ಹೆಂಡತಿ ಪೊರಕೆಯಿಂದ ಅದನ್ನು ಹೊರಗೆಳೆದರು.

ಗೆಳೆಯರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಹೇಳದೆ ಬಿಸಾಡಿದ್ರೆ ಹೇಗೆ ಹಿಡಿಯುದು? ಇನ್ನೊಮ್ಮೆ ಬಿಸಾಡಿ."

ಈಗ ದಿನಾ ಬೆಳಿಗ್ಗೆ ಅವರು ವಾಕರ್ ಹಿಡಿದು ನಿಲ್ಲುತ್ತಾರೆ. ನಿಂತು ದಣಿದ ಮೇಲೆ ಕುರ್ಚಿಯಲ್ಲಿ ಕುಳಿತು ನನ್ನೊಡನೆ ಚೆಂಡಾಡುತ್ತಾರೆ. ಕಳೆದ ವಾರ ದಿವಾದವರೆಗೆ ಬಂದೆವು. ಚೆಂಡಾಡಿದವರು ಎಂದೂ ಬೀಳುವುದಿಲ್ಲವೆಂದು ನಾನು ಹೇಳುವುದಿಲ್ಲ. ಅದೂ ಒಂದು ಸುಳ್ಳಾದೀತು. ಆಟ ಬಿಟ್ಟು ಕುಳಿತುಬಿಟ್ಟವರು ಮತ್ತೆ ಏಳುವುದು ಕಷ್ಟ ಎಂಬುದನ್ನಷ್ಟೇ ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಈ ಬರಹವನ್ನು ಓದಿಸಿ ಗೆಳೆಯರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಕಮಿಟಿ ನಿಷೇಧವನ್ನು ಹಿಂತೆಗೆದಿಲ್ಲ. ವೇದಿಕೆಯ ಅಂಚಿನ ವಿಷಯವನ್ನು ಸಭೆಯ ವರದಿಯಲ್ಲಿ ಬರೆಯಲು, ದೇವರ ವಿಷಯವೆಂದು, ಅವರಿಗೆ ಧೈರ್ಯವಿಲ್ಲ. ಇರಲಿ. ನಮ್ಮ ಲಿಫ್ಟಿನ ಎಡಕ್ಕೆ ನೋಟಿಸ್ ಬೋರ್ಡ್ ಇದೆ. ಅದಕ್ಕೆ ಗಾಜಿಲ್ಲ, ಬೀಗವಿಲ್ಲ. ಮೇಲಿರುವುದು ನೀರಿನ ಟ್ಯಾಂಕ್ ತೊಳೆಯುವ ನೋಟಿಸ್, ಅದರ ಕೆಳಗೆ ನಿಷೇಧ, ಅದರ ಕೆಳಗೆ ಹಸಿರು ಪಿನ್ನಿನಲ್ಲಿ ಮಂಟಪದ ಕಾಗದ. ಮೂರನೆಯ ಸಾಲಿನಲ್ಲಿ ಚೆಂಡಿನ ಮಾತಿದೆ. ಎತ್ತಿ ಓದಬಹುದು.