ಒಂದೇ ಬಾಯಿಯ ಎರಡು ಸಾಕ್ಷಿ

ಕುಲ್ಯಾಶ್ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಹೆಂಗಸಲ್ಲ. ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ ಎಳೆದು ನೋಡುತ್ತಾಳೆ. ಹಿಮಬೆಟ್ಟಗಳ ಬುಡದ ಅಲ್ಮಾಟಿ ನಗರದಲ್ಲಿ ಪ್ರವಾಹದ ಮುನ್ಸೂಚನೆ ಕೊಡುವ ಆ ಚಿಕ್ಕ ಕಚೇರಿಗೆ ಇಂಥವಳೇ ಬೇಕಿತ್ತು. ಅಲ್ಲಿ ಒಟ್ಟೊಟ್ಟಿಗೆ ಲೆಕ್ಕ ಮಾಡುವ ಕಂಪ್ಯೂಟರ್ ಕಾರ್ಡುಗಳೆಲ್ಲ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವ ಶೆಡ್ಡುಗಳು ಮುಚ್ಚಿದಾಗ ಅಗ್ಗಕ್ಕೆ ಸಿಕ್ಕಿದ್ದವು. ಹಗಲಿರುಳು ದುಡಿದು ಕಾವಿಗೆ ಸೋತ ಕಾರ್ಡುಗಳು. ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟುಬಿಡುತ್ತಿದ್ದವು. ಹಾಗಾಗಿ ಅವಳೇ ಪ್ರೋಗ್ರಾಮ್ ಬರೆದಳು: ಪ್ರತಿ ಲೆಕ್ಕವನ್ನೂ ಎರಡು ಸಲ ಮಾಡಿಸು, ತಾಳೆಯಾಗದಿದ್ದರೆ ಮೂರನೆಯ ಸಲ ಕೇಳು.

ಆ ಜುಲೈ ಬೆಳಗ್ಗೆ ಬೆಟ್ಟದ ಮೇಲೆ ಹಿಮ ಕರಗಿ ಆದ ಕೆರೆ ತುಂಬಿ ನಿಂತಿತ್ತು. ಕೆಳಗೆ ನದಿಗೆ ಅಂಟಿಕೊಂಡೇ ಅವಳ ತಂದೆಯ ಮನೆ. ಕೆರೆಯ ಕಟ್ಟೆ ತಡೆಯುತ್ತದೆ ಎಂದಿತು ಲೆಕ್ಕ, ಎರಡು ಸಲವೂ.

"ಎರಡೂ ಒಂದೇ ಹೇಳ್ತಿವೆ. ಇನ್ನೇನು, ಅವುಗಳ ಕೈಲಿ ಆಣೆ ಹಾಕಿಸ್ಬೇಕಾ?" ಎಂದ ಮೇಲಧಿಕಾರಿ ಯೆರ್ಮೆಕ್. "ಜನರನ್ನ ಸುಮ್ನೆ ಮನೆ ಬಿಡಿಸಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಕುಲ್ಯಾಶ್ ಕೂತಳು, ಎದ್ದಳು, ಕಿಟಕಿಗೆ ಹೋದಳು. ಚಹಾ ಆರಿ ಹೋಯಿತು. ಮನಸ್ಸು ತಡೆಯದೆ ತಂದೆಗೆ ಫೋನ್ ಮಾಡಿದಳು. ಅಲ್ಲಿ ಬೇರೆಯೇ ಜಗಳ. ಅಲ್ಲಿನ ರೂಢಿಯಂತೆ ತಂದೆ ಮೊಮ್ಮಗಳಿಗೆ ವಂಶದ ಏಳು ತಲೆಮಾರಿನ ಹಿರಿಯರ ಹೆಸರು ಕಲಿಸುತ್ತಿದ್ದರೆ, ಐದನೆಯ ಹೆಸರು ತಪ್ಪು ಎಂದು ಪಕ್ಕದ ಮನೆಯ ಮುದುಕ ತಕರಾರು ತೆಗೆದಿದ್ದ.

"ನಾನೂ ನಿನ್ನ ಚಿಕ್ಕಪ್ಪನೂ ಒಂದೇ ಥರ ಹೇಳ್ತೀವಿ, ತಪ್ಪು ಹೇಗಾಗುತ್ತೆ ನೀನೇ ಹೇಳಮ್ಮ!" ಎಂದ ತಂದೆ.

ಹಿಂದಿನಿಂದ ಮುದುಕ ಕೂಗಿದ: "ಇಬ್ರಿಗೂ ಕಲಿಸಿದ್ದು ಒಬ್ಬನೇ ಅಜ್ಜ ಅಲ್ವೇನಯ್ಯಾ! ಅವನು ತಪ್ಪಿದ್ದನ್ನ ಇಬ್ರೂ ತಪ್ತೀರಿ!"

ಕುಲ್ಯಾಶ್ ಫೋನಿಟ್ಟು ಕಂಪ್ಯೂಟರಿಗೆ ಓಡಿದಳು. ಬೆಳಗ್ಗೆ ಒಂದು ಸಾಲು ಕಾರ್ಡುಗಳು ಕೆಟ್ಟು ನಿಂತಿದ್ದವು. ಕಾರ್ಡು ಸಾಲದೆ ಪ್ರೋಗ್ರಾಮ್ ಎರಡು ಸಲವೂ ಒಂದೇ ಕಾರ್ಡನ್ನು ಕೇಳಿತ್ತು. ಎರಡನೆಯದು ಬೇರೆ ಕಾರ್ಡೇ ಆಗಿರಬೇಕೆಂದು ಅವಳು ಬರೆದೇ ಇರಲಿಲ್ಲ. ಈಗ ಬೇರೊಂದನ್ನು ಕೇಳಿದಳು: ಕಟ್ಟೆ ಸಂಜೆಯೊಳಗೆ ಒಡೆಯುತ್ತದೆ. ಮತ್ತೊಂದೂ ಅದನ್ನೇ ಹೇಳಿತು. ಯೆರ್ಮೆಕ್ ತಾನೇ ಫೋನೆತ್ತಿ ಕಣಿವೆ ಖಾಲಿ ಮಾಡಿಸಿದ.

ಹೊತ್ತು ಮುಳುಗುವ ಮೊದಲೇ ನದಿ ತಂದೆಯ ಮನೆಯನ್ನು ಕೊಚ್ಚಿಕೊಂಡು ಹೋಯಿತು. ಕೇರಿಯ ಜನರೆಲ್ಲ ದಿಬ್ಬದ ಮೇಲಿನ ಶಾಲೆಯಲ್ಲಿದ್ದರು. ಕುಲ್ಯಾಶ್ ಓಡಿ ಬಂದು ತಂದೆಯನ್ನು ತಬ್ಬಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಲೆ ಎಣಿಸಿದಳು. ಎಲ್ಲರೂ ಇದ್ದರು. ಮತ್ತೆ ಎಣಿಸಿದಳು.

"ಚಿಕ್ಕಪ್ಪಾ, ನೀವೂ ಒಂದ್ಸಲ ಎಣಿಸಿ," ಎಂದು ತಂದೆಯ ಪಕ್ಕದಲ್ಲಿದ್ದ ಅವನ ತಮ್ಮನಿಗೆ ಹೇಳಿದಳು. "ನನ್ನ ಲೆಕ್ಕ ಕೇಳ್ಬೇಡಿ. ಆ ಕಡೆಯಿಂದ ಶುರು ಮಾಡಿ."